ಗಣರಾಜ್ಯೋತ್ಸವ: ಪ್ರತಿಜ್ಞೆಯ ದಿನ ಪಥಸಂಚಲನದ ದಿನವಾದ ಬಗೆ

ಬೆಂಗಳೂರು: ಭಾರತದ ಸಂವಿಧಾನವನ್ನು ಸಂವಿಧಾನ ರಚನಾ ಸಭೆಯು ಅಂಗೀಕರಿಸಿದ್ದು 1949ರ ನವೆಂಬರ್ 26ರಂದು. ಅದು ಪೂರ್ಣವಾಗಿ ಜಾರಿಗೆ ಬಂದದ್ದು 1950ರ ಜನವರಿ 26ರಂದು. ಪೌರತ್ವ, ಚುನಾವಣೆ, ತಾತ್ಕಾಲಿಕ ಸಂಸತ್ತು ಮುಂತಾದವುಗಳಿಗೆ ಸಂಬಂಧಿಸಿದ ಕೆಲವೇ ವಿಧಿಗಳು ಅಂಗೀಕಾರದ ದಿನವೇ ಜಾರಿಯಾದವು. ಉಳಿದ ವಿಧಿಗಳು ಎರಡು ತಿಂಗಳು ಕಾದವು. 394ನೇ ವಿಧಿಯಲ್ಲಿ ಜನವರಿ 26 ಎಂಬ ದಿನಾಂಕವನ್ನೇ ನಮೂದಿಸಲಾಗಿದೆ.

ಈ ದಿನಾಂಕದ ಆಯ್ಕೆ ಆಕಸ್ಮಿಕವಾಗಿರಲಿಲ್ಲ. ಅದಕ್ಕೆ ಇಪ್ಪತ್ತು ವರ್ಷಗಳ ಹಿಂದೆ ಇದೇ ದಿನ ದೇಶದ ಊರೂರುಗಳಲ್ಲಿ ಸಾಮಾನ್ಯ ಜನರು ಒಟ್ಟಾಗಿ ನಿಂತು ಒಂದು ಪ್ರತಿಜ್ಞೆಯನ್ನು ಸ್ವೀಕರಿಸಿದ್ದರು. ಸರ್ಕಾರದ ಹಬ್ಬವಾಗುವುದಕ್ಕೆ ಮೊದಲು ಜನವರಿ 26 ಸರ್ಕಾರದ ವಿರುದ್ಧದ ದಿನವಾಗಿತ್ತು. ಇಂದು ದೆಹಲಿಯ ಕರ್ತವ್ಯ ಪಥದಿಂದ ಬೆಂಗಳೂರಿನ ಮಾಣೆಕ್ ಷಾ ಪರೇಡ್ ಮೈದಾನದವರೆಗೆ ನಡೆಯುವ ಆಚರಣೆಯನ್ನು ಈ ಹಿನ್ನೆಲೆಯಲ್ಲಿ ನೋಡಿದಾಗ, ಹಬ್ಬದಲ್ಲಿ ಪ್ರಜೆಯ ಪಾಲು ಎಷ್ಟು ಉಳಿದಿದೆ ಎಂಬ ಪ್ರಶ್ನೆ ಸಹಜವಾಗಿಯೇ ಏಳುತ್ತದೆ.

ರಾವಿ ತೀರದ ನಿರ್ಣಯ

1928ರಲ್ಲಿ ಮೋತಿಲಾಲ್ ನೆಹರೂ ನೇತೃತ್ವದ ಸಮಿತಿಯು ಭಾರತಕ್ಕೆ ಬ್ರಿಟಿಷ್ ಸಾಮ್ರಾಜ್ಯದೊಳಗೇ ಸ್ವಯಮಾಡಳಿತ, ಅಂದರೆ ಡೊಮಿನಿಯನ್ ಸ್ಥಾನಮಾನವನ್ನು ಕೋರಿತ್ತು. ಅದೇ ವರ್ಷದ ಕೊನೆಯಲ್ಲಿ ಕಲ್ಕತ್ತಾದಲ್ಲಿ ಸೇರಿದ ಕಾಂಗ್ರೆಸ್ ಅಧಿವೇಶನವು ಈ ಬೇಡಿಕೆಗೆ ಒಂದು ವರ್ಷದ ಗಡುವು ವಿಧಿಸಿತು. ವೈಸರಾಯ್ ಲಾರ್ಡ್ ಇರ್ವಿನ್ 1929ರ ಅಕ್ಟೋಬರ್ 31ರಂದು ನೀಡಿದ ಹೇಳಿಕೆಯಲ್ಲಿ ಡೊಮಿನಿಯನ್ ಸ್ಥಾನಮಾನದ ಪ್ರಸ್ತಾಪವಿತ್ತೇ ಹೊರತು ಅದು ಯಾವಾಗ ಎಂಬ ಖಚಿತ ಭರವಸೆ ಇರಲಿಲ್ಲ.

ಗಡುವು ಮುಗಿದಾಗ ಕಾಂಗ್ರೆಸ್ ಲಾಹೋರಿನಲ್ಲಿ ಸೇರಿತು. ಜವಾಹರಲಾಲ್ ನೆಹರೂ ಅಧ್ಯಕ್ಷತೆಯ ಆ ಅಧಿವೇಶನದಲ್ಲಿ ಪೂರ್ಣ ಸ್ವರಾಜ್ಯದ ನಿರ್ಣಯವು ಅಂಗೀಕಾರವಾಯಿತು. 1929ರ ಡಿಸೆಂಬರ್ 31ರ ನಡುರಾತ್ರಿ ರಾವಿ ನದಿಯ ದಡದಲ್ಲಿ ತ್ರಿವರ್ಣ ಧ್ವಜವು ಹಾರಿತು. ಎರಡು ದಿನಗಳ ಬಳಿಕ, 1930ರ ಜನವರಿ 2ರಂದು ಸೇರಿದ ಕಾರ್ಯಕಾರಿ ಸಮಿತಿಯು ದೇಶದಾದ್ಯಂತ ಸ್ವಾತಂತ್ರ್ಯ ದಿನವನ್ನು ಆಚರಿಸಲು ಜನವರಿಯ ಕೊನೆಯ ಭಾನುವಾರವನ್ನು ಗೊತ್ತುಪಡಿಸಿತು. ಆ ವರ್ಷ ಅದು 26ನೇ ತಾರೀಖು.

ಅಂದರೆ ಜನವರಿ 26ಕ್ಕೆ ಮೊದಲು ಯಾವ ಐತಿಹಾಸಿಕ ಮಹತ್ವವೂ ಇರಲಿಲ್ಲ. ಅದು ಯಾವ ಯುದ್ಧ ಗೆದ್ದ ದಿನವೂ ಅಲ್ಲ, ಯಾವ ನಾಯಕನ ಜನ್ಮದಿನವೂ ಅಲ್ಲ. ಜನರು ಬಿಡುವಾಗಿ ಸೇರಬಹುದಾದ ಒಂದು ಭಾನುವಾರ, ಅಷ್ಟೇ. ಅದಕ್ಕೆ ಅರ್ಥ ತುಂಬಿದವರು ಅಂದು ಸೇರಿದ ಜನರು.

ಭಾಷಣ ಬೇಡ, ಪ್ರತಿಜ್ಞೆ ಸಾಕು

ಅಂದು ಓದಲಾದ ಪ್ರತಿಜ್ಞೆಯ ಕರಡಿನಲ್ಲಿ ಗಾಂಧೀಜಿಯ ಪಾತ್ರ ಮುಖ್ಯವಾಗಿತ್ತು. ಅದು ಘೋಷಣೆಗಳ ಸರಮಾಲೆಯಾಗಿರದೆ ಒಂದು ಲೆಕ್ಕಪತ್ರದಂತಿತ್ತು ಎಂಬುದು ಗಮನಾರ್ಹ. ಭಾರತೀಯನ ಸರಾಸರಿ ದಿನದ ಆದಾಯ ಏಳು ಕಾಸಿನಷ್ಟಿದೆ. ಜನರು ತೆರುವ ತೆರಿಗೆಯಲ್ಲಿ ಶೇ 20ರಷ್ಟು ರೈತರ ಭೂಕಂದಾಯದಿಂದಲೂ ಶೇ 3ರಷ್ಟು ಬಡವರನ್ನೇ ಹೆಚ್ಚಾಗಿ ಬಾಧಿಸುವ ಉಪ್ಪಿನ ಕರದಿಂದಲೂ ಬರುತ್ತದೆ. ಕೈನೂಲುವಿಕೆಯಂಥ ಗ್ರಾಮೋದ್ಯೋಗಗಳು ನಾಶವಾಗಿ ರೈತರು ವರ್ಷದಲ್ಲಿ ಕನಿಷ್ಠ ನಾಲ್ಕು ತಿಂಗಳು ಕೆಲಸವಿಲ್ಲದೆ ಕೂರಬೇಕಾಗಿದೆ ಎಂದು ಪ್ರತಿಜ್ಞೆಯು ಎಣಿಸಿ ಹೇಳಿತು. ಆರ್ಥಿಕ, ರಾಜಕೀಯ, ಸಾಂಸ್ಕೃತಿಕ ಹಾಗೂ ಆಧ್ಯಾತ್ಮಿಕವಾಗಿ ದೇಶವನ್ನು ಹಾಳುಗೆಡವಿದ ಆಡಳಿತಕ್ಕೆ ಇನ್ನು ತಲೆಬಾಗಲಾಗದು ಎಂಬುದು ಅದರ ತೀರ್ಮಾನವಾಗಿತ್ತು.

ಸಭೆಗಳಲ್ಲಿ ಭಾಷಣಗಳು ಬೇಡ, ಪ್ರತಿಜ್ಞೆಯನ್ನು ಓದಿದರೆ ಸಾಕು ಎಂಬುದು ಗಾಂಧೀಜಿಯ ಸೂಚನೆಯಾಗಿತ್ತು. ದಿನದ ಉಳಿದ ವೇಳೆಯನ್ನು ನೂಲುವುದು, ಅಸ್ಪೃಶ್ಯರ ಸೇವೆ, ಹಿಂದೂ-ಮುಸ್ಲಿಂ ಐಕ್ಯ, ಪಾನನಿರೋಧ ಮುಂತಾದ ರಚನಾತ್ಮಕ ಕೆಲಸಗಳಿಗೆ ಮೀಸಲಿಡಬೇಕೆಂದು ಅವರು ಕೋರಿದ್ದರು. ಪ್ರತಿಜ್ಞೆ ಕೇವಲ ಕಾಗದದಲ್ಲಿ ಉಳಿಯಲಿಲ್ಲ. ಒಂದೂವರೆ ತಿಂಗಳಲ್ಲಿ, ಮಾರ್ಚ್ 12ರಂದು ದಂಡಿಯಾತ್ರೆ ಆರಂಭವಾಯಿತು. ಕರ್ನಾಟಕದ ಕರಾವಳಿಯಲ್ಲಿ ಅಂಕೋಲೆಯು ಉಪ್ಪಿನ ಸತ್ಯಾಗ್ರಹದ ಕೇಂದ್ರವಾಯಿತು.

ಮುಂದಿನ ಹದಿನೇಳು ವರ್ಷ ಜನವರಿ 26 ಸ್ವಾತಂತ್ರ್ಯ ದಿನವೆಂದೇ ಆಚರಣೆಯಾಯಿತು. ಅದನ್ನು ಆಚರಿಸುವುದೆಂದರೆ ಅಪಾಯವನ್ನು ಎದುರಿಸುವುದಾಗಿತ್ತು. 1931ರ ಜನವರಿ 26ರಂದು ಕಲ್ಕತ್ತಾದ ಮೇಯರ್ ಆಗಿದ್ದ ಸುಭಾಷ್‌ಚಂದ್ರ ಬೋಸ್ ಮೆರವಣಿಗೆಯ ಮುಂಚೂಣಿಯಲ್ಲಿದ್ದಾಗ ಪೊಲೀಸರ ಲಾಠಿ ಏಟಿಗೆ ಗುರಿಯಾಗಿ ಬಂಧಿತರಾದರು. ಅದೇ ದಿನ ಯರವಾಡ ಜೈಲಿನಿಂದ ಗಾಂಧೀಜಿಯ ಬಿಡುಗಡೆಯಾಯಿತು.

ಮೈಸೂರಿನ ಧ್ವಜ, ಮೈಸೂರಿನ ಸಹಿ

ದೇಶೀಯ ಸಂಸ್ಥಾನಗಳಲ್ಲಿ ಪರಿಸ್ಥಿತಿ ಇನ್ನಷ್ಟು ತೊಡಕಿನದಾಗಿತ್ತು. ಬ್ರಿಟಿಷರ ಜತೆಗೆ ಅರಸರ ಆಡಳಿತವನ್ನೂ ಅಲ್ಲಿ ಎದುರಿಸಬೇಕಾಗಿತ್ತು. 1938ರ ಏಪ್ರಿಲ್‌ನಲ್ಲಿ ಮದ್ದೂರಿನ ಸಮೀಪದ ಶಿವಪುರದಲ್ಲಿ ಮೈಸೂರು ಕಾಂಗ್ರೆಸ್ ಅಧಿವೇಶನ ಸೇರಿದಾಗ ಕಾಂಗ್ರೆಸ್ ಧ್ವಜ ಹಾರಿಸುವುದಕ್ಕೆ ನಿಷೇಧವಿತ್ತು. ಅಧ್ಯಕ್ಷರಾಗಿದ್ದ ಟಿ. ಸಿದ್ದಲಿಂಗಯ್ಯ ಅದನ್ನು ಮೀರಿ ಧ್ವಜ ಹಾರಿಸಿ ಬಂಧನಕ್ಕೊಳಗಾದರು. ಅದೇ ತಿಂಗಳ 25ರಂದು ವಿದುರಾಶ್ವತ್ಥದಲ್ಲಿ ಸೇರಿದ್ದ ಜನರ ಮೇಲೆ ಪೊಲೀಸರು ಗುಂಡು ಹಾರಿಸಿದರು. ಅನೇಕರು ಪ್ರಾಣ ತೆತ್ತರು. ಬಳಿಕ ಸರ್ದಾರ್ ಪಟೇಲ್ ಹಾಗೂ ಆಚಾರ್ಯ ಕೃಪಲಾನಿ ಮೈಸೂರಿಗೆ ಬಂದು ದಿವಾನ್ ಮಿರ್ಜಾ ಇಸ್ಮಾಯಿಲ್ ಅವರೊಂದಿಗೆ ಮಾತುಕತೆ ನಡೆಸಿದರು. ಸಂಸ್ಥಾನದ ಧ್ವಜದ ಜತೆಯಲ್ಲಿ ಕಾಂಗ್ರೆಸ್ ಧ್ವಜವನ್ನೂ ಹಾರಿಸಲು ಒಪ್ಪಿಗೆ ದೊರೆಯಿತು.

ಶಿವಪುರದ ಸಿದ್ದಲಿಂಗಯ್ಯ ಮುಂದೆ ಮೈಸೂರಿನ ಪ್ರತಿನಿಧಿಯಾಗಿ ಸಂವಿಧಾನ ರಚನಾ ಸಭೆಯಲ್ಲಿ ಕುಳಿತರು. ಕೆ. ಚೆಂಗಲರಾಯ ರೆಡ್ಡಿ, ಕೆ. ಹನುಮಂತಯ್ಯ ಕೂಡ ಆ ಸಭೆಯ ಸದಸ್ಯರಾಗಿದ್ದರು. ಬಾಂಬೆ ಪ್ರಾಂತ್ಯದ ಕನ್ನಡ ಭಾಗದಿಂದ ಎಸ್. ನಿಜಲಿಂಗಪ್ಪ ಇದ್ದರು. ಸಭೆಯ ಸಂವಿಧಾನ ಸಲಹೆಗಾರರಾಗಿದ್ದ ಬೆನಗಲ್ ನರಸಿಂಗ ರಾವ್ ಮಂಗಳೂರಿನಲ್ಲಿ ಜನಿಸಿದವರು. ಮೈಸೂರಿನ ದಿವಾನರಾಗಿದ್ದ ಎನ್. ಮಾಧವ ರಾವ್, ಡಾ. ಬಿ.ಆರ್. ಅಂಬೇಡ್ಕರ್ ಅಧ್ಯಕ್ಷತೆಯ ಕರಡು ಸಮಿತಿಯ ಸದಸ್ಯರಾಗಿದ್ದರು. ನಿಷೇಧಿತ ಧ್ವಜ ಹಾರಿಸಿ ಜೈಲು ಕಂಡವರೂ ಸಂಸ್ಥಾನವನ್ನು ಆಳಿದ ದಿವಾನರೂ ಒಂದೇ ಸಭೆಯಲ್ಲಿ ಕುಳಿತು ಒಂದೇ ಗ್ರಂಥವನ್ನು ರಚಿಸಿದ್ದು ಗಣರಾಜ್ಯದ ಹುಟ್ಟಿನ ವಿಶೇಷ.

ಆಗಸ್ಟ್ 15 ಬಂದದ್ದು ಹೇಗೆ?

ಜನರು ಆರಿಸಿದ ಸ್ವಾತಂತ್ರ್ಯ ದಿನ ಜನವರಿ 26 ಆಗಿದ್ದರೂ ಸ್ವಾತಂತ್ರ್ಯ ಬಂದದ್ದು ಆಗಸ್ಟ್ 15ರಂದು. 1948ರ ಜೂನ್ ಒಳಗೆ ಅಧಿಕಾರ ಹಸ್ತಾಂತರಿಸುವುದಾಗಿ ಬ್ರಿಟಿಷ್ ಪ್ರಧಾನಿ ಅಟ್ಲಿ 1947ರ ಫೆಬ್ರವರಿಯಲ್ಲಿ ಘೋಷಿಸಿದ್ದರು. ಕೊನೆಯ ವೈಸರಾಯ್ ಮೌಂಟ್‌ಬ್ಯಾಟನ್ ಅದನ್ನು ಹಿಂದಕ್ಕೆ ಎಳೆದು, ಜಪಾನ್ ಶರಣಾದ ಎರಡನೇ ವಾರ್ಷಿಕ ದಿನವಾದ ಆಗಸ್ಟ್ 15ನ್ನು ಆರಿಸಿಕೊಂಡರು. ಹೀಗಾಗಿ ಬಿಡುಗಡೆಯ ದಿನವನ್ನು ಬಿಡುಗಡೆ ಮಾಡುವವರೇ ನಿಗದಿಪಡಿಸಿದಂತಾಯಿತು.

ಸ್ವತಂತ್ರ ಭಾರತವು ತನ್ನ ಆಯ್ಕೆಯ ದಿನಕ್ಕೆ ಗೌರವ ಸಲ್ಲಿಸಿದ್ದು ಸಂವಿಧಾನದ ಮೂಲಕ. 165 ದಿನಗಳ ಕಲಾಪ ನಡೆಸಿದ ಸಭೆಯು ಸಿದ್ಧಪಡಿಸಿದ 395 ವಿಧಿಗಳ ಗ್ರಂಥಕ್ಕೆ 1950ರ ಜನವರಿ 24ರಂದು ಸದಸ್ಯರು ಸಹಿ ಹಾಕಿದರು. ಎರಡು ದಿನಗಳ ಬಳಿಕ ಅದು ಜಾರಿಗೆ ಬಂದಿತು. ಅದರ ಕೊನೆಯ ವಿಧಿಯು ಬ್ರಿಟಿಷ್ ಸಂಸತ್ತು ಅಂಗೀಕರಿಸಿದ್ದ 1947ರ ಭಾರತ ಸ್ವಾತಂತ್ರ್ಯ ಕಾಯ್ದೆಯನ್ನೇ ರದ್ದುಪಡಿಸಿತು.

ಹಾಗೆಂದು ಅಂದಿನ ಗಣರಾಜ್ಯ ಎಲ್ಲರಿಗೂ ಒಂದೇ ಬಗೆಯದಾಗಿರಲಿಲ್ಲ. ಕನ್ನಡ ನಾಡೇ ಇದಕ್ಕೆ ನಿದರ್ಶನ. ಧಾರವಾಡ, ಬೆಳಗಾವಿ, ವಿಜಯಪುರ, ಉತ್ತರ ಕನ್ನಡ ಬಾಂಬೆ ರಾಜ್ಯದಲ್ಲಿದ್ದವು; ದಕ್ಷಿಣ ಕನ್ನಡ, ಬಳ್ಳಾರಿ ಮದ್ರಾಸಿನಲ್ಲಿದ್ದವು. ಇವೆರಡೂ ‘ಎ’ ವರ್ಗದ ರಾಜ್ಯಗಳು. ಜಯಚಾಮರಾಜ ಒಡೆಯರ್ ರಾಜಪ್ರಮುಖರಾದ ಮೈಸೂರು ಹಾಗೂ ಬೀದರ್, ಕಲಬುರಗಿ, ರಾಯಚೂರುಗಳನ್ನು ಒಳಗೊಂಡ ಹೈದರಾಬಾದ್ ‘ಬಿ’ ವರ್ಗಕ್ಕೆ ಸೇರಿದ್ದವು. ಕೊಡಗು ಮುಖ್ಯ ಆಯುಕ್ತರ ಆಡಳಿತದ ‘ಸಿ’ ವರ್ಗದ ರಾಜ್ಯವಾಗಿತ್ತು. ಈ ವರ್ಗೀಕರಣ ಅಳಿದು ಕನ್ನಡಿಗರು ಒಂದು ರಾಜ್ಯದ ಅಡಿ ಬರಲು 1956ರ ನವೆಂಬರ್ 1ರವರೆಗೆ ಕಾಯಬೇಕಾಯಿತು.

ಕ್ರೀಡಾಂಗಣದಿಂದ ರಾಜಪಥಕ್ಕೆ

1950ರ ಜನವರಿ 26ರ ಬೆಳಿಗ್ಗೆ ಇಂದಿನ ರಾಷ್ಟ್ರಪತಿ ಭವನದ ದರ್ಬಾರ್ ಸಭಾಂಗಣದಲ್ಲಿ ಸಿ. ರಾಜಗೋಪಾಲಾಚಾರಿ ಗಣರಾಜ್ಯದ ಘೋಷಣೆಯನ್ನು ಓದಿದರು, ಡಾ. ರಾಜೇಂದ್ರ ಪ್ರಸಾದ್ ಪ್ರಥಮ ರಾಷ್ಟ್ರಪತಿಯಾಗಿ ಪ್ರಮಾಣವಚನ ಸ್ವೀಕರಿಸಿದರು. ಮಧ್ಯಾಹ್ನ ಅವರು ಕುದುರೆ ಸಾರೋಟಿನಲ್ಲಿ ಇರ್ವಿನ್ ಕ್ರೀಡಾಂಗಣಕ್ಕೆ ಬಂದರು. 31 ಕುಶಾಲತೋಪುಗಳ ಗೌರವದೊಂದಿಗೆ ಮೊದಲ ಪಥಸಂಚಲನ ಅಲ್ಲಿ ನಡೆಯಿತು. ಇಂಡೊನೇಷ್ಯಾದ ಅಧ್ಯಕ್ಷ ಸುಕಾರ್ನೊ ಮುಖ್ಯ ಅತಿಥಿಯಾಗಿದ್ದರು. ಅದು ಇಂದಿನ ಮೇಜರ್ ಧ್ಯಾನ್‌ಚಂದ್ ರಾಷ್ಟ್ರೀಯ ಕ್ರೀಡಾಂಗಣ.

ಪಥಸಂಚಲನಕ್ಕೆ ರಾಜಪಥವು ಕಾಯಂ ತಾಣವಾದದ್ದು 1955ರಿಂದ. ಆ ವರ್ಷದ ಮುಖ್ಯ ಅತಿಥಿ ಪಾಕಿಸ್ತಾನದ ಗವರ್ನರ್ ಜನರಲ್ ಮಲಿಕ್ ಗುಲಾಮ್ ಮಹಮ್ಮದ್ ಎಂಬುದು ಇಂದಿನ ಓದುಗರಿಗೆ ಅಚ್ಚರಿ ತಂದೀತು. ಬ್ರಿಟಿಷರ ಕಾಲದಲ್ಲಿ ಕಿಂಗ್ಸ್‌ವೇ ಎನಿಸಿದ್ದ ಈ ರಸ್ತೆಗೆ 2022ರ ಸೆಪ್ಟೆಂಬರ್‌ನಲ್ಲಿ ಕರ್ತವ್ಯ ಪಥ ಎಂಬ ಹೊಸ ಹೆಸರು ಬಂದಿತು.

ಹೊಸ ರಾಷ್ಟ್ರಕ್ಕೆ ಪಥಸಂಚಲನದ ಅಗತ್ಯವೂ ಇತ್ತು. ವಿಭಜನೆಯ ಗಾಯ ಮಾಯದ, ನೂರಾರು ಸಂಸ್ಥಾನಗಳು ಆಗಷ್ಟೇ ವಿಲೀನಗೊಂಡ ದೇಶವು ತನ್ನನ್ನು ತಾನು ಒಂದಾಗಿ ಕಾಣಲು ಅದೊಂದು ದಾರಿಯಾಗಿತ್ತು. ಸೇನಾ ತುಕಡಿಗಳ ಹಿಂದೆ ರಾಜ್ಯಗಳ ಸ್ತಬ್ಧಚಿತ್ರಗಳೂ ಜಾನಪದ ಕಲಾವಿದರೂ ಸಾಗಿಬರುವ ವ್ಯವಸ್ಥೆಯ ಹಿಂದಿನ ಆಶಯ ಇದೇ. ಆದರೆ ಈ ಕ್ರಮದಲ್ಲಿ ಪ್ರಜೆಯ ಸ್ಥಾನ ಬದಲಾಯಿತು. 1930ರಲ್ಲಿ ಪ್ರತಿಜ್ಞೆ ಮಾಡಿದವನು ಈಗ ಪ್ರೇಕ್ಷಕನಾದ.

ಸ್ತಬ್ಧಚಿತ್ರದ ಜಗಳ

ಗಣರಾಜ್ಯೋತ್ಸವದ ಸುತ್ತ ಇತ್ತೀಚಿನ ವರ್ಷಗಳಲ್ಲಿ ಕರ್ನಾಟಕದಲ್ಲಿ ಅತಿ ಹೆಚ್ಚು ಚರ್ಚೆಯಾದದ್ದು ಸ್ತಬ್ಧಚಿತ್ರದ ವಿಷಯ. 2022ರಲ್ಲಿ ಸಾಂಪ್ರದಾಯಿಕ ಕರಕುಶಲ ಕಲೆಗಳನ್ನು ಬಿಂಬಿಸಿದ ರಾಜ್ಯದ ಸ್ತಬ್ಧಚಿತ್ರ ದ್ವಿತೀಯ ಸ್ಥಾನ ಗಳಿಸಿತು. 2023ರಲ್ಲಿ ಮೊದಲು ಕೈಬಿಟ್ಟುಹೋಗಿದ್ದ ರಾಜ್ಯಕ್ಕೆ ಆಮೇಲೆ ಅವಕಾಶ ದೊರೆತು, ಸೂಲಗಿತ್ತಿ ನರಸಮ್ಮ, ತುಳಸಿ ಗೌಡ ಹಾಗೂ ಸಾಲುಮರದ ತಿಮ್ಮಕ್ಕ ಅವರ ಸಾಧನೆಯನ್ನು ತೋರುವ ನಾರಿಶಕ್ತಿ ಸ್ತಬ್ಧಚಿತ್ರ ಸಾಗಿತು. 2024ರಲ್ಲಿ ಅವಕಾಶ ಸಿಗಲಿಲ್ಲ. ಮುಖ್ಯಮಂತ್ರಿ ಸಿದ್ದರಾಮಯ್ಯ ಇದನ್ನು ಕನ್ನಡಿಗರಿಗೆ ಆದ ಅವಮಾನ ಎಂದು ಟೀಕಿಸಿದರು. ಎಲ್ಲ ರಾಜ್ಯಗಳಿಗೂ ಮೂರು ವರ್ಷಗಳಲ್ಲಿ ಸರದಿಯಂತೆ ಅವಕಾಶ ಕಲ್ಪಿಸುವ ಒಪ್ಪಂದದತ್ತ ರಕ್ಷಣಾ ಸಚಿವಾಲಯ ಬೊಟ್ಟುಮಾಡಿತು. 2025ರಲ್ಲಿ ಲಕ್ಕುಂಡಿಯ ಶಿಲ್ಪಕಲೆ ಕರ್ತವ್ಯ ಪಥದಲ್ಲಿ ಕಾಣಿಸಿಕೊಂಡಿತು.

ಸ್ತಬ್ಧಚಿತ್ರಗಳನ್ನು ಆಯ್ಕೆ ಮಾಡುವುದು ರಕ್ಷಣಾ ಸಚಿವಾಲಯ ನೇಮಿಸುವ ತಜ್ಞರ ಸಮಿತಿ. ಆಯ್ಕೆ ಎಂದ ಮೇಲೆ ಅಸಮಾಧಾನ ಸಹಜ; ಪಶ್ಚಿಮ ಬಂಗಾಳ, ಕೇರಳ, ತಮಿಳುನಾಡುಗಳಿಂದಲೂ ಇಂಥ ಆಕ್ಷೇಪ ಕೇಳಿಬಂದಿದೆ. ಒಕ್ಕೂಟದ ಹಬ್ಬದಲ್ಲಿ ರಾಜ್ಯಗಳು ಅರ್ಜಿದಾರರ ಸ್ಥಾನದಲ್ಲಿ ನಿಲ್ಲಬೇಕಾಗಿರುವುದೇ ಈ ವಿವಾದದ ಮೂಲ. ಸರದಿ ವ್ಯವಸ್ಥೆಯು ಕಟ್ಟುನಿಟ್ಟಾಗಿ ಪಾಲನೆಯಾದರೆ ಜಗಳಕ್ಕೆ ಅವಕಾಶ ಕಡಿಮೆಯಾಗಬಹುದು.

ಖಾದಿಯಿಂದ ಪಾಲಿಯೆಸ್ಟರ್‌ಗೆ

ಸ್ತಬ್ಧಚಿತ್ರಕ್ಕೆ ಸಿಕ್ಕಷ್ಟು ಗಮನ ಧ್ವಜದ ಬಟ್ಟೆಗೆ ಸಿಕ್ಕಿಲ್ಲ. ಹುಬ್ಬಳ್ಳಿಯ ಬೆಂಗೇರಿಯಲ್ಲಿರುವ ಕರ್ನಾಟಕ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘವು 1957ರಲ್ಲಿ ಸ್ಥಾಪನೆಯಾದದ್ದು. ಭಾರತೀಯ ಮಾನಕ ಬ್ಯೂರೊದ ಪರವಾನಗಿ ಪಡೆದು ನಿಗದಿತ ಒಂಬತ್ತು ಅಳತೆಗಳಲ್ಲಿ ರಾಷ್ಟ್ರಧ್ವಜ ತಯಾರಿಸುವ ದೇಶದ ಏಕೈಕ ಘಟಕವೆಂದು ಅದು ದೀರ್ಘ ಕಾಲ ಹೆಸರಾಗಿತ್ತು. ಅಲ್ಲಿ ದುಡಿಯುವವರಲ್ಲಿ ಬಹುಪಾಲು ಮಹಿಳೆಯರು. ಧ್ವಜದ ಬಟ್ಟೆ ಬಾಗಲಕೋಟೆ ಜಿಲ್ಲೆಯ ತುಳಸಿಗೇರಿ, ಧಾರವಾಡದ ಗರಗದಂಥ ಊರುಗಳ ಮಗ್ಗಗಳಿಂದ ಬರುತ್ತಿತ್ತು. ಹಿಂದೂಸ್ತಾನಿ ಸೇವಾ ದಳವನ್ನು ಕಟ್ಟಿ ಧ್ವಜವಂದನೆಯ ಶಿಸ್ತನ್ನು ಕಲಿಸಿದ ಡಾ. ನಾ.ಸು. ಹರ್ಡೀಕರ್ ಅವರ ಕಾರ್ಯಕ್ಷೇತ್ರವೂ ಹುಬ್ಬಳ್ಳಿಯೇ ಆಗಿತ್ತು.

2021ರ ಡಿಸೆಂಬರ್ 30ರಂದು ಕೇಂದ್ರ ಸರ್ಕಾರ ಧ್ವಜ ಸಂಹಿತೆಗೆ ತಿದ್ದುಪಡಿ ತಂದಿತು. ಯಂತ್ರದಲ್ಲಿ ತಯಾರಾದ, ಪಾಲಿಯೆಸ್ಟರ್ ಬಟ್ಟೆಯ ಧ್ವಜಗಳಿಗೂ ಅನುಮತಿ ದೊರೆಯಿತು. 2022ರ ಆಗಸ್ಟ್‌ನ ‘ಹರ್ ಘರ್ ತಿರಂಗಾ’ ಅಭಿಯಾನದಲ್ಲಿ ಅಗ್ಗದ ಧ್ವಜಗಳು ಮನೆಮನೆ ತಲುಪಿದವು. ತಿದ್ದುಪಡಿಯನ್ನು ಹಿಂಪಡೆಯಬೇಕೆಂದು ಸಂಘವು ಪ್ರತಿಭಟಿಸಿತು.

ಸರ್ಕಾರದ ನಿಲುವಿಗೂ ಒಂದು ಸಮರ್ಥನೆಯಿದೆ. ಎಲ್ಲ ದಿನಗಳಲ್ಲೂ ಧ್ವಜ ಹಾರಿಸುವ ಅವಕಾಶ ಸಾಮಾನ್ಯ ನಾಗರಿಕನಿಗೆ ದೊರೆತದ್ದೇ 2002ರ ಜನವರಿ 26ರಂದು ಜಾರಿಯಾದ ಸಂಹಿತೆಯಿಂದ; 2004ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಅಭಿವ್ಯಕ್ತಿಯ ಹಕ್ಕಿನ ಭಾಗವೆಂದು ಎತ್ತಿಹಿಡಿಯಿತು. ಕೋಟಿಗಟ್ಟಲೆ ಮನೆಗಳಿಗೆ ಕೈಮಗ್ಗದ ಖಾದಿಯಲ್ಲೇ ಧ್ವಜ ಒದಗಿಸುವುದು ಸುಲಭವಲ್ಲ. ಆದರೆ ಕೈನೂಲುವಿಕೆ ನಾಶವಾಗಿ ಹಳ್ಳಿಗರು ನಿರುದ್ಯೋಗಿಗಳಾದರು ಎಂಬ ದೂರು 1930ರ ಪ್ರತಿಜ್ಞೆಯಲ್ಲೇ ಇತ್ತು. ಆ ಪ್ರತಿಜ್ಞೆಯ ದಿನ ಹಾರುವ ಧ್ವಜವೇ ನೂಲುವವರ ಕೈತಪ್ಪಿಹೋಗುವುದು ವಿಪರ್ಯಾಸ. ಸರ್ಕಾರಿ ಕಚೇರಿಗಳು, ಶಾಲೆಗಳಾದರೂ ಖಾದಿ ಧ್ವಜವನ್ನೇ ಕೊಳ್ಳುವ ನಿಯಮ ಮಾಡಿದರೆ ಎರಡೂ ಉದ್ದೇಶಗಳು ಈಡೇರಬಹುದು.

ಮರಳಿ ಪ್ರಜೆಯ ಕೈಗೆ?

ಪ್ರೇಕ್ಷಕನ ಸ್ಥಾನದಿಂದ ಪ್ರಜೆಯು ಎದ್ದುಬಂದ ಸಂದರ್ಭಗಳೂ ಇವೆ. 2019ರ ಡಿಸೆಂಬರ್‌ನಿಂದ ನಡೆದ ಪೌರತ್ವ ತಿದ್ದುಪಡಿ ಕಾಯ್ದೆ ವಿರೋಧಿ ಪ್ರತಿಭಟನೆಗಳಲ್ಲಿ ಅನೇಕ ನಗರಗಳಲ್ಲಿ ಜನರು ಸಂವಿಧಾನದ ಪ್ರಸ್ತಾವನೆಯನ್ನು ಒಟ್ಟಾಗಿ ಓದಿದರು. 2021ರ ಜನವರಿ 26ರಂದು ಕೃಷಿ ಕಾಯ್ದೆಗಳ ವಿರುದ್ಧ ದೆಹಲಿಯಲ್ಲಿ ರೈತರು ಟ್ರ್ಯಾಕ್ಟರ್ ಪರೇಡ್ ನಡೆಸಿದರು. ಒಂದು ಗುಂಪು ನಿಗದಿತ ಮಾರ್ಗ ಬಿಟ್ಟು ಕೆಂಪುಕೋಟೆಗೆ ನುಗ್ಗಿತು. ಘರ್ಷಣೆಯಲ್ಲಿ ಅನೇಕ ಪೊಲೀಸರು ಗಾಯಗೊಂಡರು, ಒಬ್ಬ ರೈತ ಸಾವಿಗೀಡಾದ. ಶಾಂತಿಯುತ ಮೆರವಣಿಗೆಯ ಬಹುಭಾಗ ಈ ಗದ್ದಲದಲ್ಲಿ ಮರೆಯಾಯಿತು. ಅದೇ ವರ್ಷದ ಕೊನೆಗೆ ಮೂರೂ ಕಾಯ್ದೆಗಳು ರದ್ದಾದವು.

ಕರ್ನಾಟಕ ಸರ್ಕಾರವು 2023ರಲ್ಲಿ ಶಾಲಾ ಕಾಲೇಜುಗಳಲ್ಲಿ ಪ್ರಸ್ತಾವನೆಯ ಓದನ್ನು ಕಡ್ಡಾಯಗೊಳಿಸಲು ನಿರ್ಧರಿಸಿತು. 2024ರ ಜನವರಿ 26ರಂದು ಸಂವಿಧಾನ ಜಾಗೃತಿ ಜಾಥಾಕ್ಕೆ ಚಾಲನೆ ನೀಡಿತು. ಪ್ರತಿಜ್ಞೆಯ ಪರಂಪರೆಗೆ ಇದು ಸಮೀಪವಾದ ಹೆಜ್ಜೆ. ಆದರೆ 1930ರ ಪ್ರತಿಜ್ಞೆ ಜನರ ಮೇಲೆ ಹೇರಿದ ಕಡ್ಡಾಯವಾಗಿರಲಿಲ್ಲ. ಅದರಲ್ಲಿ ಆದಾಯ, ತೆರಿಗೆ, ಕೆಲಸದ ಲೆಕ್ಕವಿತ್ತು. ಓದಿನ ಬೆನ್ನಿಗೆ ಲೆಕ್ಕ ಕೇಳುವ ಅವಕಾಶವೂ ಇಲ್ಲದಿದ್ದರೆ ಅದು ಮತ್ತೊಂದು ಸರ್ಕಾರಿ ಕಾರ್ಯಕ್ರಮವಾಗಿ ಉಳಿಯುವ ಸಂಭವವೇ ಹೆಚ್ಚು.

ಈ ದೃಷ್ಟಿಯಿಂದ ನೆರೆಯ ತಮಿಳುನಾಡಿನ ಪದ್ಧತಿ ಗಮನಾರ್ಹ. ಅಲ್ಲಿ ಜನವರಿ 26ರಂದು ಗ್ರಾಮಸಭೆಗಳು ನಡೆಯುತ್ತವೆ. ಪಂಚಾಯಿತಿಯ ಖರ್ಚುವೆಚ್ಚ ಜನರ ಮುಂದೆ ಬರುತ್ತದೆ. ಜನರು ಪ್ರಶ್ನೆ ಕೇಳಬಹುದು, ನಿರ್ಣಯ ಮಾಡಬಹುದು.

ನಗರವಾಸಿಗಳ ಸ್ಥಿತಿ ಇದಕ್ಕಿಂತ ಶೋಚನೀಯ. ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯ ಚುನಾಯಿತ ಸದಸ್ಯರ ಅವಧಿ 2020ರ ಸೆಪ್ಟೆಂಬರ್‌ನಲ್ಲಿ ಮುಗಿಯಿತು. 2021ರಿಂದ 2025ರವರೆಗೆ ಐದು ಗಣರಾಜ್ಯೋತ್ಸವಗಳನ್ನು ರಾಜಧಾನಿಯು ಚುನಾಯಿತ ಪಾಲಿಕೆಯಿಲ್ಲದೆ ಆಚರಿಸಿತು. ಅವಧಿ ಮುಗಿಯುವ ಮುನ್ನವೇ ಚುನಾವಣೆ ನಡೆಸಬೇಕೆಂದು 74ನೇ ತಿದ್ದುಪಡಿಯ ಮೂಲಕ ಬಂದ 243ಯು ವಿಧಿ ಸ್ಪಷ್ಟವಾಗಿ ಹೇಳುತ್ತದೆ. 2025ರ ಸೆಪ್ಟೆಂಬರ್‌ನಲ್ಲಿ ಪಾಲಿಕೆಯನ್ನೇ ಐದು ನಗರ ಪಾಲಿಕೆಗಳಾಗಿ ವಿಂಗಡಿಸಿ ಗ್ರೇಟರ್ ಬೆಂಗಳೂರು ಪ್ರಾಧಿಕಾರವನ್ನು ರಚಿಸಲಾಯಿತು. ಪರೇಡ್ ಮೈದಾನದಲ್ಲಿ ರಾಜ್ಯಪಾಲರ ಭಾಷಣ ಈ ಐದು ವರ್ಷಗಳ ಅವಧಿಯಲ್ಲೂ ಮುಂದುವರಿಯಿತು. ವಾರ್ಡಿನ ರಸ್ತೆ, ಕಸ, ನೀರಿನ ಬಗ್ಗೆ ಉತ್ತರ ಹೇಳಬೇಕಾದ ಪ್ರತಿನಿಧಿ ಮಾತ್ರ ಇರಲಿಲ್ಲ.

ರಾಜಕೀಯದಲ್ಲಿ ಸಮಾನತೆ, ಸಾಮಾಜಿಕ ಹಾಗೂ ಆರ್ಥಿಕ ಬದುಕಿನಲ್ಲಿ ಅಸಮಾನತೆ ಎಂಬ ವೈರುಧ್ಯದ ಬದುಕಿಗೆ 1950ರ ಜನವರಿ 26ರಂದು ದೇಶ ಕಾಲಿಡಲಿದೆ ಎಂದು ಅಂಬೇಡ್ಕರ್ ಸಂವಿಧಾನ ಅಂಗೀಕಾರದ ಮುನ್ನಾದಿನ ಎಚ್ಚರಿಸಿದ್ದರು. ಒಬ್ಬನಿಗೆ ಒಂದು ಮತ ಎಂಬ ರಾಜಕೀಯ ಸಮಾನತೆಯಾದರೂ ಕೈಯಲ್ಲಿದೆ ಎಂಬ ನಂಬಿಕೆ ಆ ಎಚ್ಚರಿಕೆಯ ಆಧಾರವಾಗಿತ್ತು. ಕೋಟಿಗೂ ಹೆಚ್ಚು ಜನರಿರುವ ನಗರದಲ್ಲಿ ಆ ಮತ ಚಲಾಯಿಸುವ ಅವಕಾಶವೇ ವರ್ಷಗಟ್ಟಲೆ ಮುಂದೆ ಹೋಗುತ್ತದೆಂದರೆ, ಗಣರಾಜ್ಯದ ಲೆಕ್ಕ ಕೇಳುವ ಕೆಲಸವನ್ನು ಕರ್ತವ್ಯ ಪಥದಿಂದಲ್ಲ, ವಾರ್ಡಿನಿಂದ ಆರಂಭಿಸಬೇಕಾಗುತ್ತದೆ. 1930ರ ಆ ಭಾನುವಾರ ಜನರು ಸೇರಿದ್ದೂ ತಮ್ಮ ತಮ್ಮ ಊರುಗಳಲ್ಲೇ.